ಮನೆಗೆ ಮೊದಲ ಸೌದೆ ಒಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿ ಮತ್ತು ಕೊಡಗಿನ ಕಡೆ ಹೊಸದಾಗಿ ಮನೆ ಕಟ್ಟುತ್ತಿರುವವರು, ನಗರದ ಕೆಲಸ ಬಿಟ್ಟು ತೋಟಕ್ಕೆ ಮರಳಿದವರು, ಹಳೆಯ ಮನೆಯ ಒಲೆಯನ್ನು ಕಿತ್ತು ಬೇರೆಯದನ್ನು ಹಾಕಿಸಬೇಕೆಂದಿರುವವರು ಸೌದೆ ಒಲೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಬೆಳೆದದ್ದು ಹೊಗೆಯ ಅಡುಗೆಮನೆಯಲ್ಲಿ. ಊದುಗೊಳವೆ ಹಿಡಿದು ಒಲೆಯ ಮುಂದೆ ಬಾಗಿ ಕೂತ ಅಮ್ಮನ ಕೆಂಪಾದ ಕಣ್ಣುಗಳನ್ನು ನಾನು ಮರೆತಿಲ್ಲ. ಆದ್ದರಿಂದ ಒಲೆಯ ಚೆಂದ, ಬೆಲೆ, ಸೌದೆಯ ಉಳಿತಾಯ ಇವೆಲ್ಲಕ್ಕಿಂತ ಮೊದಲು ಹೊಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ನಾನು ಕೇಳುತ್ತೇನೆ.

ಮನೆಯಲ್ಲಿ ಗ್ಯಾಸ್ ಇದೆ. ಆದರೂ ಸೌದೆ ಒಲೆ ಬೇಕೇ?

ದಿನದ ಅಡುಗೆಗೆ ಬೇಡ. ಗ್ಯಾಸ್ ಸಿಗುವ ಮನೆಯಲ್ಲಿ ಅಡುಗೆಯನ್ನು ಮತ್ತೆ ಸೌದೆಗೆ ತರುವುದೆಂದರೆ ಅಡುಗೆ ಮಾಡುವವರ ಎದೆಗೆ ಹೊಗೆಯನ್ನು ಮರಳಿ ತಂದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುವುದಕ್ಕೆ ಒಲೆಯ ಹೊಗೆ ಒಂದು ಮುಖ್ಯ ಕಾರಣ.

ಸ್ನಾನದ ನೀರಿನ ಮಾತು ಬೇರೆ. ತೋಟದ ಮನೆಯಲ್ಲಿ ಒಣಗಿದ ಮಡಲು, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಸವರಿದ ರೆಂಬೆಗಳು ಹೇಗೂ ರಾಶಿ ಬೀಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಊರಿನಲ್ಲಿ ಸೋಲಾರ್ ಹೀಟರ್ ಕೆಲಸಕ್ಕೆ ಬರುವುದು ಕಡಿಮೆ, ಮಳೆ ಗಾಳಿಗೆ ಕರೆಂಟಿನ ಭರವಸೆಯೂ ಇರುವುದಿಲ್ಲ. ಹಂಡೆಗೆ ಬೆಂಕಿ ಹಾಕಿದವರು ಅಡುಗೆಯವರಂತೆ ಅದರ ಮುಂದೆ ಗಂಟೆಗಟ್ಟಲೆ ಕೂರಬೇಕಾಗಿಲ್ಲ, ಒಲೆಯ ಬಾಯನ್ನು ಮನೆಯ ಹೊರಗೇ ಇಡಲೂಬಹುದು. ಈ ಕಾರಣಗಳಿಂದ, ಒಂದೇ ಒಂದು ಸೌದೆ ಒಲೆ ಹಾಕಿಸುವವರಿಗೆ ನಾನು ಹೇಳುವುದು ಬಚ್ಚಲ ಒಲೆಯನ್ನೇ. ಹಬ್ಬದ ಅಡುಗೆ, ಭತ್ತ ಬೇಯಿಸುವುದು, ದನಗಳಿಗೆ ಕುಡಿಸುವ ಬಾಯರು ಕಾಯಿಸುವುದು ಇವುಗಳಿಗೆ ಒಲೆ ಬೇಕಿದ್ದರೆ ಅದನ್ನು ಹಿತ್ತಲ ಚಾವಡಿಯಲ್ಲಿ, ಎರಡು ಕಡೆಯಾದರೂ ಗೋಡೆಯಿಲ್ಲದ ಜಾಗದಲ್ಲಿ ಕಟ್ಟಿಸಿಕೊಳ್ಳಬಹುದು.

ಯಾವ ಯಾವ ಬಗೆಯ ಒಲೆಗಳಿವೆ? ನಮಗೆ ಹೊಂದುವುದನ್ನು ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಹಳೆಯದು ಮೂರು ಕಲ್ಲಿನ ಒಲೆ. ಗಾಳಿಗೆ ತೆರೆದಿರುವ ಈ ಒಲೆಯಲ್ಲಿ ಸೌದೆಯ ಕಾವಿನಲ್ಲಿ ನೂರಕ್ಕೆ 10ರಿಂದ 15 ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಮಣ್ಣಿನಿಂದ ಮೆತ್ತಿದ, ಪಕ್ಕದಲ್ಲಿ ಕೋಡೊಲೆಯಿರುವ ಸಾಂಪ್ರದಾಯಿಕ ಒಲೆ ಇದಕ್ಕಿಂತ ಸ್ವಲ್ಪ ಮೇಲು, ಆದರೆ ಅದರ ಹೊಗೆಯೂ ಮನೆಯೊಳಗೇ ಉಳಿಯುತ್ತದೆ. ಮೂರನೆಯದು ಕಬ್ಬಿಣದ ಜಾಲರಿ ಮತ್ತು ಹೊಗೆ ಕೊಳವೆಯಿರುವ ಸುಧಾರಿತ ಕಟ್ಟೆ ಒಲೆ. ನಾಲ್ಕನೆಯದು ಅಂಗಡಿಯಲ್ಲಿ ಸಿಗುವ, ಎತ್ತಿ ಒಯ್ಯಬಹುದಾದ ಲೋಹದ ಒಲೆ. ಇವಲ್ಲದೆ ನೀರು ಕಾಯಿಸುವುದಕ್ಕೆಂದೇ ಹಂಡೆ ಒಲೆ ಮತ್ತು ತಾಮ್ರದ ಬಾಯ್ಲರ್ ಇವೆ.

ಆಯ್ಕೆಗೆ ಮುನ್ನ ಮನೆಯಲ್ಲಿ ಆ ಒಲೆಯ ಮೇಲೆ ಏನೇನು ಏರುತ್ತದೆ ಎಂದು ಬರೆದುಕೊಳ್ಳಿ. ರಾಗಿ ಮುದ್ದೆ ತೊಳಸುವಾಗ ಪಾತ್ರೆಯನ್ನು ಬಲವಾಗಿ ಒತ್ತಿ ತಿರುಗಿಸಬೇಕು; ಹಗುರವಾದ ಲೋಹದ ಒಲೆ ಆಗ ಅಲುಗಾಡಿ ಮಗುಚಬಹುದು. ಜೋಳದ ರೊಟ್ಟಿಗೆ ಹಂಚಿನ ಉದ್ದಗಲಕ್ಕೂ ಉರಿ ಹರಡಬೇಕು, ಕೊನೆಗೆ ರೊಟ್ಟಿಯನ್ನು ಕೆಂಡಕ್ಕೆ ಒಡ್ಡಿ ಉಬ್ಬಿಸಲು ಜಾಗವೂ ಬೇಕು. ಬಾಯಿ ಮುಚ್ಚಿದ ಒಲೆಯಲ್ಲಿ ಅದಾಗುವುದಿಲ್ಲ. ಕಡುಬು ಬೇಯಿಸುವ ಪಾತ್ರೆಗೆ ಒಂದೇ ಸಮನೆ ಉರಿ ಬೇಕು, ಅದಕ್ಕೆ ಜಾಲರಿಯ ಕಟ್ಟೆ ಒಲೆ ಚೆನ್ನಾಗಿ ಹೊಂದುತ್ತದೆ.

ಅಸ್ತ್ರ ಒಲೆ ಎಂದರೇನು? ಈಗಲೂ ಕಟ್ಟಿಸಬಹುದೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಆ ಕೇಂದ್ರದವರು ತುಮಕೂರು ಜಿಲ್ಲೆಯ ಉಂಗ್ರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಜನ ಯಾವ ಇಂಧನವನ್ನು ಎಷ್ಟು ಬಳಸುತ್ತಾರೆಂದು ಲೆಕ್ಕ ಹಾಕಿದಾಗ, ಎಲ್ಲಕ್ಕಿಂತ ದೊಡ್ಡ ಪಾಲು ಒಲೆಗೆ ಹೋಗುವ ಸೌದೆಯದೇ ಎಂದು ಕಂಡುಬಂತು. 1980ರ ದಶಕದಲ್ಲಿ ಅವರು ರೂಪಿಸಿದ ಮೂರು ಪಾತ್ರೆಗಳ ಒಲೆಯೇ ಅಸ್ತ್ರ ಒಲೆ. ಇದರಲ್ಲಿ ಬೆಂಕಿ ನೆಲದ ಮೇಲೆ ಉರಿಯದೆ ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಜಾಲರಿಯ ಕೆಳಗಿನಿಂದ ನುಗ್ಗುತ್ತದೆ. ಮೊದಲ ಪಾತ್ರೆಗೆ ತಾಗಿದ ಬಿಸಿ ಹೊಗೆ ಮಣ್ಣಿನೊಳಗಿನ ದಾರಿಯಲ್ಲಿ ಎರಡನೆಯ ಮತ್ತು ಮೂರನೆಯ ಪಾತ್ರೆಯ ಅಡಿಯನ್ನು ಕಾಯಿಸಿ, ಕಾವು ಕಳೆದುಕೊಂಡ ಮೇಲೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ, ಅಂದರೆ ಸೌದೆಯ ಕಾವಿನಲ್ಲಿ ಪಾತ್ರೆಗೆ ಸೇರುವ ಪಾಲು, ನೂರಕ್ಕೆ 30ಕ್ಕಿಂತ ಹೆಚ್ಚು ಬಂದಿತ್ತು.

ಈಗಲೂ ಕಟ್ಟಿಸಬಹುದು, ಆದರೆ ಮೂರು ಸಂಗತಿಗಳು ಗಮನದಲ್ಲಿರಲಿ. ಒಲೆಯ ಕಣ್ಣುಗಳನ್ನು ನಿಮ್ಮ ಪಾತ್ರೆಗಳ ಅಳತೆಗೇ ಕಟ್ಟಬೇಕು, ಆದ್ದರಿಂದ ಕಟ್ಟುವವರು ಬಂದ ದಿನ ಆ ಪಾತ್ರೆಗಳು ಎದುರಿಗೆ ಇರಬೇಕು. ಪಾತ್ರೆ ಸಡಿಲವಾಗಿ ಕೂತರೆ ಹೊಗೆ ಅಲ್ಲಿಂದಲೇ ಏಳುತ್ತದೆ. ಬೆಂಕಿಗೂಡು ಚಿಕ್ಕದಾದ್ದರಿಂದ ಸೌದೆಯನ್ನು ಚಿಕ್ಕದಾಗಿ ಕಡಿದು ಸೀಳಬೇಕು, ಉದ್ದನೆಯ ಕೊಳ್ಳಿಯನ್ನು ಮುಂದಕ್ಕೆ ತಳ್ಳುತ್ತ ಹೋಗುವ ರೂಢಿ ಇಲ್ಲಿ ನಡೆಯುವುದಿಲ್ಲ. ಒಂದೇ ಪಾತ್ರೆಯ ಅಡುಗೆಯಾದರೆ ಉಳಿದ ಎರಡು ಕಣ್ಣುಗಳ ಮೇಲೆ ನೀರಿನ ಪಾತ್ರೆಯನ್ನಾದರೂ ಇಡಬೇಕು, ಇಲ್ಲವಾದರೆ ಕೊಳವೆಯ ಎಳೆತ ಕಡಿದುಹೋಗುತ್ತದೆ. ಸೌದೆ ಸೀಳುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಒಲೆ ಕಟ್ಟಿಸುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಅಡುಗೆ ಮಾಡುವವರ ತಲೆಗೇ ಅದೂ ಬಿದ್ದರೆ, ಎಷ್ಟೇ ಚೆನ್ನಾದ ಒಲೆಯಾದರೂ ಕೆಲವು ತಿಂಗಳಲ್ಲಿ ಮೂಲೆಗೆ ಸರಿಯುತ್ತದೆ.

ಅಂಗಡಿಯಲ್ಲಿ ಸಿಗುವ ಲೋಹದ ಒಲೆ ಕೊಳ್ಳುವಾಗ ಏನು ನೋಡಬೇಕು?

ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಎಂಬ ಮಾನಕ ಇಂಥ ಒಲೆಗಳಿಗೆಂದೇ ಇದೆ. 1991ರಲ್ಲಿ ಬಂದ ಇದನ್ನು 2013ರಲ್ಲಿ ಪರಿಷ್ಕರಿಸಲಾಯಿತು. ಅದರ ಪ್ರಕಾರ ಫ್ಯಾನ್ ಇಲ್ಲದ ಒಲೆಯ ದಕ್ಷತೆ ಕನಿಷ್ಠ 25 ಶೇಕಡಾ, ಫ್ಯಾನ್ ಇರುವ ಒಲೆಯದು ಕನಿಷ್ಠ 35 ಶೇಕಡಾ ಇರಬೇಕು. ಪಾತ್ರೆಗೆ ಸೇರುವ ಪ್ರತಿ ಮೆಗಾಜೂಲ್ ಕಾವಿಗೆ ಹೊಗೆಯ ಕಣಗಳು ಫ್ಯಾನ್ ಇಲ್ಲದ್ದರಲ್ಲಿ 350 ಮಿಲಿಗ್ರಾಂ, ಫ್ಯಾನ್ ಇರುವುದರಲ್ಲಿ 150 ಮಿಲಿಗ್ರಾಂ ಮೀರಬಾರದು; ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಎರಡರಲ್ಲೂ 5 ಗ್ರಾಂ ಮೀರಬಾರದು. ಅಂಗಡಿಯವರಿಗೆ ಈ ಮಾನಕದ ಪರೀಕ್ಷಾ ವರದಿಯನ್ನು ಕೇಳಿ. ‘ಹೊಗೆರಹಿತ’ ಎಂದು ಡಬ್ಬದ ಮೇಲೆ ಅಚ್ಚು ಹಾಕಿಸುವುದು ಕಷ್ಟದ ಕೆಲಸವಲ್ಲ.

ಫ್ಯಾನ್ ಇರುವ ಒಲೆಗೆ ಸೌದೆಯ ಚಿಕ್ಕ ಚಿಕ್ಕ ಚೂರುಗಳೋ ಪೆಲೆಟ್‌ಗಳೋ (ಕೃಷಿ ತ್ಯಾಜ್ಯವನ್ನು ಪುಡಿ ಮಾಡಿ ಒತ್ತಿದ ಗುಳಿಗೆಗಳು) ಬೇಕಾಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದಲೇ ರೂಪುಗೊಂಡ ‘ಊರ್ಜಾ’ ಎಂಬ ಪೆಲೆಟ್ ಒಲೆ 2000ದ ದಶಕದ ಕೊನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಯಿತು. ಪೆಲೆಟ್‌ಗಳ ಬೆಲೆ ಏರಿದಾಗ ಮನೆಗಳಲ್ಲಿ ಅದರ ಬಳಕೆ ಇಳಿಯಿತು. ಒಲೆ ಒಳ್ಳೆಯದೇ ಆಗಿತ್ತು, ಅದರ ಇಂಧನ ಮಾತ್ರ ಮನೆಯ ಹಿತ್ತಲಲ್ಲಿ ಸಿಗುವಂಥದ್ದಾಗಿರಲಿಲ್ಲ. ನಿಮ್ಮ ತೋಟದಲ್ಲಿ ಬೀಳುವ ಇಂಧನವನ್ನೇ ತಿನ್ನುವ ಒಲೆಯನ್ನು ಆರಿಸಿಕೊಳ್ಳಿ. ಲೋಹದ ಒಲೆಗಳಿಗೆ ಸಾಮಾನ್ಯವಾಗಿ ಕೊಳವೆಯಿರುವುದಿಲ್ಲವಾದ್ದರಿಂದ ಅವುಗಳನ್ನು ಮನೆಯೊಳಗೆ ಉರಿಸಬೇಡಿ.

ಸ್ನಾನದ ನೀರಿಗೆ ಹಂಡೆ ಒಲೆ ಒಳ್ಳೆಯದೋ, ಬಾಯ್ಲರ್ ಒಳ್ಳೆಯದೋ?

ಬಾಯ್ಲರಿನ ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಕಾವು ನಡುವಿನಿಂದ ಏರುತ್ತ ನೀರಿಗೆ ಸೇರುವುದರಿಂದ ಕಡಿಮೆ ಪುಳ್ಳೆಯಲ್ಲಿ, ಕರಟ ಸಿಪ್ಪೆಗಳಲ್ಲಿ ಬೇಗ ಕಾಯುತ್ತದೆ. ಇಬ್ಬರು ಮೂವರ ಮನೆಗೆ ಇದು ಸಾಕು. ಆದರೆ ಎರಡು ಎಚ್ಚರಿಕೆ: ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಕರಗಿ ಸೋರಲಾರಂಭಿಸುತ್ತದೆ, ಪೈಪಿನ ಜೋಡಣೆ ಮಾಡುವಾಗ ಆವಿ ಹೊರಹೋಗುವ ದಾರಿಯನ್ನು ಎಂದಿಗೂ ಮುಚ್ಚಬಾರದು, ಮುಚ್ಚಿದರೆ ಒತ್ತಡ ಏರಿ ಸಿಡಿಯಬಹುದು.

ದೊಡ್ಡ ಸಂಸಾರಕ್ಕೆ, ನೆಂಟರು ಬಂದು ಹೋಗುವ ಮನೆಗೆ ಹಂಡೆಯೇ ಸರಿ. ಹಳೆಯ ಕ್ರಮದಲ್ಲಿ ಹಂಡೆಯ ಕೆಳಗೆ ಮಾತ್ರ ಬೆಂಕಿ ತಾಗುತ್ತದೆ, ಉರಿಯ ಬಹುಪಾಲು ಹಂಡೆಯ ಹೊರಮೈಯಿಂದ ದೂರ ಸರಿದು ಗಾಳಿಗೆ ಹೋಗುತ್ತದೆ. ಅದರ ಬದಲು ಹಂಡೆಯ ಕಂಠದವರೆಗೂ ಇಟ್ಟಿಗೆ ಮತ್ತು ಮಣ್ಣಿನ ಗೋಡೆ ಎತ್ತಿ, ಹಂಡೆಗೂ ಗೋಡೆಗೂ ನಡುವೆ ಸುಮಾರು ಒಂದು ಅಂಗುಲ ಸಂದು ಬಿಟ್ಟು, ಮೇಲಂಚನ್ನು ಮಣ್ಣಿನಿಂದ ಮೆತ್ತಿ ಮುಚ್ಚಿ, ಆ ಸಂದಿನ ಮೇಲ್ಭಾಗದಿಂದ ಕೊಳವೆ ತೆಗೆದರೆ ಬಿಸಿ ಹೊಗೆ ಹಂಡೆಯನ್ನು ಸುತ್ತಿಕೊಂಡೇ ಹೊರಹೋಗಬೇಕಾಗುತ್ತದೆ. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರವಿರಲಿ. ಅಂತರ ತೀರ ಕಡಿಮೆಯಾದರೆ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ಲೋಹಕ್ಕೆ ಬಡಿದು ಮಸಿಯಾಗುತ್ತದೆ. ಬೆಂಕಿ ಹಾಕುವ ಬಾಯಿ ಬಚ್ಚಲಿನ ಹೊರಗೋಡೆಯ ಆಚೆಗಿರಲಿ. ಮೇಲೆ ಸಣ್ಣ ಮಾಡು ಇಳಿಸಿದರೆ ಮಳೆಗಾಲದಲ್ಲೂ ನೆನೆಯದೆ ಬೆಂಕಿ ಹಾಕಬಹುದು.

ದಿನಕ್ಕೆ ಎಷ್ಟು ಸೌದೆ ಬೇಕಾಗುತ್ತದೆ?

ಲೆಕ್ಕ ಸುಲಭ. 80 ಲೀಟರ್ ನೀರನ್ನು 22 ಡಿಗ್ರಿಯಿಂದ 52 ಡಿಗ್ರಿಗೆ ಏರಿಸಲು 2,400 ಕಿಲೊಕ್ಯಾಲರಿ ಕಾವು ನೀರಿಗೆ ಸೇರಬೇಕು. ಚೆನ್ನಾಗಿ ಒಣಗಿದ 1 ಕಿಲೊ ಸೌದೆಯಲ್ಲಿ ಸುಮಾರು 3,500 ಕಿಲೊಕ್ಯಾಲರಿ ಇದೆ ಎಂದಿಟ್ಟುಕೊಳ್ಳೋಣ. ಒಲೆಯ ದಕ್ಷತೆ 15 ಶೇಕಡಾ ಆದರೆ ನಾಲ್ಕೂವರೆ ಕಿಲೊ ಸೌದೆ ಬೇಕು, 35 ಶೇಕಡಾ ಆದರೆ 2 ಕಿಲೊ ಸಾಕು. ವರ್ಷಕ್ಕೆ ಈ ವ್ಯತ್ಯಾಸ 900 ಕಿಲೊ ಮುಟ್ಟುತ್ತದೆ. ಅಷ್ಟು ಸೌದೆಯನ್ನು ಕಡಿದು, ಹೊತ್ತು, ಒಣಗಿಸಿದವರಿಗೆ ಈ ಅಂಕಿಯ ಭಾರ ಗೊತ್ತು.

ಹೊಗೆ ಕೊಳವೆಯನ್ನು ಹೇಗೆ ಹಾಕಿಸಬೇಕು?

ಒಲೆಯ ಹಣವನ್ನು ಬೇಕಾದರೆ ಉಳಿಸಿ, ಕೊಳವೆಯ ಹಣವನ್ನು ಉಳಿಸಬೇಡಿ. ಬಿಸಿ ಹೊಗೆ ಹೊರಗಿನ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಕೊಳವೆ ಎತ್ತರವಾದಷ್ಟೂ, ಒಳಗಿನ ಹೊಗೆ ಬಿಸಿಯಾಗಿದ್ದಷ್ಟೂ ಎಳೆತ ಹೆಚ್ಚು. ಮನೆಯ ಒಲೆಗೆ 4 ಅಂಗುಲ ವ್ಯಾಸ ಸಾಕಾಗುತ್ತದೆ, ದೊಡ್ಡ ಹಂಡೆಗೆ 5 ಅಥವಾ 6 ಅಂಗುಲವಾದರೆ ಒಳ್ಳೆಯದು. ಕೊಳವೆ ನೆಟ್ಟಗೆ ಮೇಲೆ ಹೋಗಬೇಕು. ಬಗ್ಗಿಸಲೇಬೇಕಾದರೆ ಓರೆಯಾಗಿ ಬಗ್ಗಿಸಿ, ಮೊಣಕೈಯಂತೆ ನೇರ ಮಡಿಕೆ ಬೇಡ. ತುದಿ ಮಾಡಿನ ನೆತ್ತಿಗಿಂತ ಕನಿಷ್ಠ 2 ಅಡಿ ಮೇಲಿರಬೇಕು, ಇಲ್ಲದಿದ್ದರೆ ಗಾಳಿ ಮಾಡಿನ ಮೇಲಿಂದ ಉರುಳಿ ಬಂದು ಹೊಗೆಯನ್ನು ಒಳಗೆ ನೂಕುತ್ತದೆ. ಮಳೆ ನೀರು ಇಳಿಯದಂತೆ ಮೇಲೆ ಟೋಪಿಯಿರಲಿ.

ನಮ್ಮ ಬಚ್ಚಲಿಗೆ ಮೊದಲ ಸಲ ಕೊಳವೆ ಹಾಕಿಸಿದಾಗ, ಹೆಂಚು ತೂತು ಮಾಡಿದರೆ ಸೋರೀತೆಂಬ ಹೆದರಿಕೆಯಿಂದ ಅದನ್ನು ಗೋಡೆಯಿಂದ ಅಡ್ಡಕ್ಕೆ ಹೊರಗೆ ತೆಗೆದು ಸೂರಿನ ಕೆಳಗೇ ನಿಲ್ಲಿಸಿದ್ದೆವು. ಪಶ್ಚಿಮದ ಗಾಳಿ ಎದ್ದ ದಿನವೆಲ್ಲ ಒಲೆಯ ಬಾಯಿಯಿಂದಲೇ ಹೊಗೆ ಕಾರುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಅದನ್ನು ಕಿತ್ತು ಮಾಡಿನ ಮೂಲಕ ನೇರ ಮೇಲಕ್ಕೆ ಒಯ್ದೆವು. ಹೆಂಚಿನ ಜಾಗಕ್ಕೆ ಸುತ್ತ ತಗಡಿನ ಕೊರಳಪಟ್ಟಿ ಹಾಕಿದ ಮೇಲೆ ಒಂದು ಹನಿಯೂ ಇಳಿದಿಲ್ಲ.

ಮಾಡಿನ ಮರಕ್ಕೆ ಕೊಳವೆ ತಾಗಬಾರದು. ತೊಲೆ, ರೀಪುಗಳಿಂದ ಒಂದೂವರೆ ಅಡಿ ದೂರವಿಡಿ; ಅಷ್ಟು ಜಾಗ ಸಿಗದಿದ್ದರೆ ಆ ಭಾಗದಲ್ಲಿ ಕೊಳವೆಯ ಸುತ್ತ ಇನ್ನೊಂದು ದೊಡ್ಡ ಕೊಳವೆ ಹಾಕಿ ನಡುವೆ ಗಾಳಿಯಾಡಲು ಬಿಡಿ. ಕರಾವಳಿಯ ಉಪ್ಪುಗಾಳಿಗೆ ಸತು ಲೇಪಿಸಿದ ತಗಡು ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ದುಬಾರಿಯಾದರೂ ಬಾಳುತ್ತದೆ. ಹಳೆಯ ಒಲೆಗಳಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಹಾಕುತ್ತಿದ್ದರು. ಅದನ್ನು ಕೊಯ್ದಾಗ, ಒಡೆದಾಗ ಏಳುವ ದೂಳು ಕ್ಯಾನ್ಸರಿಗೆ ಕಾರಣವಾದ್ದರಿಂದ ಈಗ ಅದನ್ನು ಕೊಳ್ಳಲೇಬೇಡಿ.

ಹೊಗೆ ಹೊರಗೆ ಹೋದರೆ ಮಾಡಿನ ಮರಕ್ಕೆ ಹುಳು ಹಿಡಿಯುವುದಿಲ್ಲವೇ? ಅಟ್ಟದ ವಸ್ತುಗಳು ಒಣಗುವುದು ಹೇಗೆ?

ಹಿರಿಯರು ಈ ಪ್ರಶ್ನೆ ಕೇಳುವುದರಲ್ಲಿ ಅರ್ಥವಿದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಮತ್ತು ಕಾವು ಎರಡೂ ಸೇರಿ ಮರವನ್ನು, ಬಿತ್ತನೆಯ ಬೀಜವನ್ನು, ಉಪ್ಪಿನಕಾಯಿಯ ಭರಣಿಯನ್ನು ಮಳೆಗಾಲದ ತೇವದಿಂದ ಕಾಯುತ್ತಿದ್ದವು. ಆದರೆ ಅಟ್ಟದ ವಸ್ತುಗಳಿಗೆ ಹೆಚ್ಚಾಗಿ ಬೇಕಾದದ್ದು ಒಣ ಕಾವು. ಕೊಳವೆ ಅಟ್ಟದ ಜಾಗವನ್ನು ಹಾದುಹೋಗುವಂತೆ, ಸುತ್ತ ಜಾಲರಿಯ ಕಾವಲಿಟ್ಟು ಹಾಕಿಸಿದರೆ ಆ ಕಾವು ಸಿಗುತ್ತದೆ. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಕರಾವಳಿಯಲ್ಲಿ ಮೊದಲಿಂದಲೂ ಇದೆ. ಮರದ ರಕ್ಷಣೆಗೆ ಬೇರೆ ದಾರಿಗಳಿವೆ, ಶ್ವಾಸಕೋಶಕ್ಕೆ ಇಲ್ಲ.

ಯಾವ ಸೌದೆ ಒಳ್ಳೆಯದು? ಯಾವುದನ್ನು ಉರಿಸಬಾರದು?

ಜಾತಿಗಿಂತ ಒಣಗಿರುವುದು ಮುಖ್ಯ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. 1 ಕಿಲೊ ನೀರನ್ನು ಆವಿಯಾಗಿಸಲು 600 ಕಿಲೊಕ್ಯಾಲರಿಗೂ ಹೆಚ್ಚು ಕಾವು ವ್ಯರ್ಥವಾಗುತ್ತದೆ, ಬೆಂಕಿ ತಣ್ಣಗಾಗಿ ಹೊಗೆ ದಟ್ಟವಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಕಡಿದು, ಶಿವರಾತ್ರಿಯೊಳಗೆ ಸೀಳಿ, ಯುಗಾದಿ ಕಳೆದು ಮೇ ತಿಂಗಳ ಬಿಸಿಲು ಮುಗಿಯುವವರೆಗೆ ಗಾಳಿಯಾಡುವಂತೆ ಒಟ್ಟಿದರೆ ಮೊದಲ ಮಳೆಗೆ ಮುನ್ನ ಸೌದೆ ಕೊಟ್ಟಿಗೆ ಸೇರಬಹುದು. ದಪ್ಪ ತುಂಡಿಗೆ ಇನ್ನೊಂದು ಬೇಸಿಗೆ ಬೇಕು. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ತಾನಾಗಿ ಬಿಡುತ್ತದೆ, ಎರಡು ತುಂಡುಗಳನ್ನು ಬಡಿದರೆ ಟಣ್ ಎನ್ನುತ್ತದೆ. ಸಂದೇಹವಿದ್ದರೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಬಳಸಿ. ರಾಶಿಯನ್ನು ನೆಲದಿಂದ ಒಂದಡಿ ಮೇಲೆ ಅಡ್ಡಗೋಲುಗಳ ಮೇಲೆ ಒಟ್ಟಿದರೆ ಗೆದ್ದಲು ಹತ್ತುವುದು ಕಡಿಮೆ. ಹಾವು, ಚೇಳು ಅಡಗುವ ಜಾಗವೂ ಅದೇ ಆದ್ದರಿಂದ ಕತ್ತಲಲ್ಲಿ ಕೈ ಹಾಕಬೇಡಿ.

ಸರ್ವೆ, ಜಾಲಿ, ಕಾಫಿ ಗಿಡದ ಬೊಡ್ಡೆ, ಅಕೇಶಿಯಾ ಇವು ಗಟ್ಟಿ ಕೆಂಡ ಕೊಡುತ್ತವೆ. ಸಿಲ್ವರ್ ಓಕ್ ಮತ್ತು ರಬ್ಬರ್ ಬೇಗ ಉರಿದು ಮುಗಿಯುತ್ತವೆ, ಬೆಂಕಿ ಹೊತ್ತಿಸಲು ಒಳ್ಳೆಯವು. ಕರಟದ ಉರಿ ಬಲು ಜೋರು, ಒಮ್ಮೆಗೇ ಹೆಚ್ಚು ಹಾಕಿದರೆ ತಗಡಿನ ಒಲೆ ಸೊಟ್ಟಗಾಗುತ್ತದೆ.

ಕಣಗಿಲೆಯ ಕಡ್ಡಿಯನ್ನು ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷ. ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಹೊಳೆಗೇರು, ಕೇರು ಮರಗಳನ್ನೂ ಗೇರುಬೀಜದ ಸಿಪ್ಪೆಯನ್ನೂ ದೂರವಿಡಿ. ಬಣ್ಣ ಬಳಿದ ಮರ, ಪ್ಲೈವುಡ್, ರಾಸಾಯನಿಕದಲ್ಲಿ ಅದ್ದಿದ ಬೇಲಿ ಕಂಬ, ಪ್ಲಾಸ್ಟಿಕ್ ಇವು ಒಲೆಗೆ ಹಾಕುವ ವಸ್ತುಗಳೇ ಅಲ್ಲ. ಬೆಂಕಿ ಹೊತ್ತಲಿಲ್ಲವೆಂದು ಕೆಂಡದ ಮೇಲೆ ಸೀಮೆಎಣ್ಣೆ ಸುರಿಯುವುದು ಜೀವಕ್ಕೇ ಅಪಾಯ.

ಸ್ವಂತ ಜಮೀನಿನ ಮರ ಕಡಿಯಲು ಅನುಮತಿ ಬೇಕೇ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನಲ್ಲೂ ಹೆಚ್ಚಿನ ಮರಗಳಿಗೆ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಕೊಡಲಿ ಎತ್ತುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಚಳಿಗೆ ಕೆಂಡವನ್ನು ಕೋಣೆಯೊಳಗೆ ಇಟ್ಟುಕೊಳ್ಳಬಹುದೇ?

ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಹೊಗೆ ನಿಂತ ಕೆಂಡ ನಿರಪಾಯವೆಂದು ತೋರುತ್ತದೆ, ಆದರೆ ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದ ಇಡೀ ಸಂಸಾರಗಳು ಬೆಳಗ್ಗೆ ಏಳದೇ ಹೋದದ್ದುಂಟು. ಬಾಣಂತಿಯ ಕೋಣೆಯಲ್ಲಿ ಕೆಂಡದ ಕಾವು ಕೊಡುವ ರೂಢಿಯಿರುವ ಮನೆಗಳಲ್ಲಿ ಇದನ್ನು ಅಜ್ಜಿಯಂದಿರಿಗೆ ಕೂರಿಸಿ, ಗೌರವದಿಂದ, ಬಿಡಿಸಿ ಹೇಳಬೇಕು. ಬಿಸಿನೀರಿನ ಚೀಲವೂ ದಪ್ಪ ಕಂಬಳಿಯೂ ಅದೇ ಕೆಲಸ ಮಾಡುತ್ತವೆ, ಎಳೆಮಗುವಿನ ಉಸಿರಿಗೆ ಅಪಾಯ ತರುವುದಿಲ್ಲ.

ಒಲೆಯ ಆರೈಕೆ ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ಬೂದಿಯನ್ನು ದಿನವೂ ತೆಗೆಯಬೇಕು, ಜಾಲರಿಯ ಕೆಳಗೆ ತುಂಬಿದರೆ ಗಾಳಿಯ ದಾರಿ ಮುಚ್ಚುತ್ತದೆ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಉಳಿಯಬಲ್ಲದು, ಆದ್ದರಿಂದ ಮುಚ್ಚಳವಿರುವ ತಗಡಿನ ಡಬ್ಬದಲ್ಲಿಟ್ಟು ಆಮೇಲೆ ಗಿಡದ ಬುಡಕ್ಕೆ ಹಾಕಿ. ಕೊಳವೆಯೊಳಗಿನ ಮಸಿಯನ್ನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಹಗ್ಗಕ್ಕೆ ಕಟ್ಟಿದ ತೆಂಗಿನ ನಾರಿನ ಕುಂಚದಿಂದ ಉದುರಿಸಿ. ಅರೆಒಣ ಸೌದೆ ಉರಿಸುವವರ ಕೊಳವೆಯಲ್ಲಿ ಡಾಂಬರಿನಂಥ ಅಂಟು ಕೂರುತ್ತದೆ, ಅದಕ್ಕೆ ಬೆಂಕಿ ತಗಲಿದರೆ ಮಾಡಿಗೇ ಹತ್ತುತ್ತದೆ. ಹಂಡೆಯ ಹೊರಮೈಯ ದಪ್ಪ ಮಸಿಯನ್ನೂ ಕೆರೆದು ತೆಗೆಯಿರಿ.

ಕಟ್ಟಿಸಿದ ದಿನವೇ ಬೆಂಕಿ ಹಾಕಬಹುದೇ?

ಮಣ್ಣಿನ ಒಲೆಗೆ ಎರಡು ಮೂರು ವಾರ ನೆರಳಿನಲ್ಲಿ ಒಣಗುವ ಸಮಯ ಕೊಡಿ. ಆಮೇಲೆ ಒಂದು ಹಿಡಿ ಪುಳ್ಳೆಯಿಂದ ಅರ್ಧ ಗಂಟೆಯ ಸಣ್ಣ ಉರಿ. ಮರುದಿನ ತುಸು ಹೆಚ್ಚು. ಹೀಗೆ ನಾಲ್ಕೈದು ದಿನ ಕಾಯಿಸಿದರೆ ಒಳಗಿನ ತೇವ ನಿಧಾನವಾಗಿ ಹೊರಬರುತ್ತದೆ. ಕೂದಲೆಳೆಯ ಬಿರುಕುಗಳು ಕಾಣಿಸಿಕೊಂಡರೆ ಗಾಬರಿ ಬೇಡ. ಜೇಡಿಮಣ್ಣು, ಜರಡಿ ಹಿಡಿದ ಮರಳು, ಸಗಣಿ ಕಲಸಿ ಮೆತ್ತಿ, ಒದ್ದೆ ಬಟ್ಟೆಯಿಂದ ಸವರಿ. ಬೆರಳು ತೂರುವಷ್ಟು ಬಿರುಕು ಬಿಟ್ಟರೆ ಆ ಭಾಗವನ್ನು ಕೆಡವಿ ಮತ್ತೆ ಕಟ್ಟಿಸುವುದೇ ಸರಿ. ಮೊದಲ ಪೂರ್ಣ ಉರಿಯ ದಿನ ಊದುಬತ್ತಿಯೊಂದನ್ನು ಹಚ್ಚಿ ಒಲೆಯ ಬಾಯಿಯ ಮುಂದೆ ಹಿಡಿಯಿರಿ: ಅದರ ಹೊಗೆ ಒಳಕ್ಕೆ ಸೆಳೆಯಲ್ಪಟ್ಟರೆ ಕೊಳವೆ ಸರಿಯಾಗಿ ಎಳೆಯುತ್ತಿದೆ, ನಿಮ್ಮ ಮುಖದ ಕಡೆಗೆ ತಿರುಗಿದರೆ ಕಟ್ಟಿದವರನ್ನು ಅಂದೇ ಮತ್ತೆ ಕರೆಸಿ.